ಗದ್ದೆಯ ಸೌತೆಬಳ್ಳಿ, ಗೇಟಿನ ಮಧುಮಾಲತಿ

(ಉಡುಪಿಯಲ್ಲಿ ಕೈತೋಟ ಮಾಡುವವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆ ಮುಂದೆ ಸ್ವಲ್ಪ ಜಾಗ ಇದೆ, ಒಂದು ಬಳ್ಳಿ ಹಬ್ಬಿಸಬಹುದು. ತಿನ್ನಲು ಆಗುವುದನ್ನು ಹಾಕುವುದೋ, ನೋಡಲು ಚೆಂದ ಇರುವುದನ್ನೋ? ಕೈತೋಟದವರು ಸೇರಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಇವತ್ತು ಎರಡು ಬಳ್ಳಿಗಳನ್ನು ಆರಿಸಿಕೊಂಡಿದ್ದೇನೆ. ಒಂದು ನಮ್ಮ ಮಂಗಳೂರು ಸೌತೆ, ತುಳುವರ ತೌತೆ. ಇನ್ನೊಂದು ಮಧುಮಾಲತಿ. ರಂಗೂನ್ ಬಳ್ಳಿ ಅಂತಲೂ ಕೆಲವರು ಹೇಳುತ್ತಾರೆ. ಕಂಪೌಂಡ್ ಗೋಡೆ, ಗೇಟಿನ ಕಮಾನುಗಳ ಮೇಲೆ ಬಿಳಿ, ಗುಲಾಬಿ, ಕೆಂಪು ಹೂ ಒಂದೇ ಗೊಂಚಲಲ್ಲಿ ನೇತಾಡುತ್ತದಲ್ಲ, ಅದೇ.

ಎರಡಕ್ಕೂ ನಾವು ಬಳ್ಳಿ ಅಂತಲೇ ಹೇಳುತ್ತೇವೆ. ಆದರೆ ಇವುಗಳ ಬದುಕಿನ ಲೆಕ್ಕ ಪೂರ್ತಿ ಬೇರೆ. ಸೌತೆಗೆ ಇರುವುದು ಮೂರು ತಿಂಗಳ ಆಸುಪಾಸಿನ ಆಯುಷ್ಯ. ಅಷ್ಟರೊಳಗೆ ಮೊಳೆಯಬೇಕು, ಹರಡಬೇಕು, ಹೂ ಬಿಡಬೇಕು, ಕಾಯಿ ಬಲಿಸಿ ಬೀಜ ಕೂಡಿಸಿಡಬೇಕು. ದಂಟು ಗಟ್ಟಿ ಮಾಡಿಕೊಳ್ಳುವುದಕ್ಕೆ ಅದಕ್ಕೆ ಪುರುಸೊತ್ತೇ ಇಲ್ಲ. ಮಧುಮಾಲತಿಗೆ ಅಂಥ ಅವಸರ ಇಲ್ಲ. ಅದು ವರ್ಷಗಟ್ಟಲೆ ಇರುವ ಬಳ್ಳಿ. ಬುಡ ಮರದ ಹಾಗೆ ಕಟ್ಟಿಗೆಯಾಗುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಎಷ್ಟು ಗೊಬ್ಬರ, ಯಾವಾಗ ಕತ್ತರಿ, ಎಲ್ಲಿ ಜಾಗ ಎನ್ನುವುದೆಲ್ಲ ಅದರ ಹಿಂದೆಯೇ ಬರುತ್ತದೆ. ನಮ್ಮ ಕೈತೋಟಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಒಂದರ ಆರೈಕೆಯನ್ನು ಇನ್ನೊಂದಕ್ಕೆ ಮಾಡುತ್ತೇವೆ.

ಮೊದಲು ಇವುಗಳ ನೆಂಟಸ್ತಿಕೆ ಹೇಳಿಬಿಡುತ್ತೇನೆ. ಮಂಗಳೂರು ಸೌತೆ ಮತ್ತು ಹಸಿಯಾಗಿ ತಿನ್ನುವ ಮುಳ್ಳು ಸೌತೆ ಅಕ್ಕತಂಗಿಯರು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಸಾಂಬಾರು ಸೌತೆ ಸೇರುವುದು ಕರಬೂಜದ ಜಾತಿಗೆ, ಕುಕುಮಿಸ್ ಮೆಲೊಗೆ. ಮುಳ್ಳು ಸೌತೆ ಕುಕುಮಿಸ್ ಸಟೈವಸ್. ಕರಬೂಜಕ್ಕೂ ಮಂಗಳೂರು ಸೌತೆಗೂ ಜೀವಕೋಶದಲ್ಲಿ 24 ವರ್ಣತಂತುಗಳು. ಮುಳ್ಳು ಸೌತೆಗೆ 14. ಬೇಸಿಗೆಯಲ್ಲಿ ನಾವು ಬೆಲ್ಲ, ತೆಂಗಿನ ಹಾಲು ಹಾಕಿ ರಸಾಯನ ಮಾಡುವ ಇಬ್ಬುಡ್ಲು ಹಣ್ಣು ಇದೆಯಲ್ಲ, ಅದೂ ಕರಬೂಜದ ಜಾತಿಯೇ. ಒಂದೇ ಜಾತಿಯೊಳಗೆ ಇಷ್ಟು ಬಗೆ ಇದೆ ಎನ್ನುವುದನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ಶಾರ್ಲ್ ನೋದ್ಯಾಂ 1859ರಲ್ಲೇ ವಿಂಗಡಿಸಿ ಬರೆದಿದ್ದರು. ಸಿಹಿ ಇರುವುದು, ಇಲ್ಲದ್ದು, ಹಣ್ಣಾದಾಗ ಒಡೆಯುವುದು, ಒಡೆಯದ್ದು, ಎಲ್ಲ ಒಂದೇ ಮನೆಯವು. ಬೀಜ ಇಡುವ ವಿಷಯ ಬಂದಾಗ ಈ ನೆಂಟಸ್ತಿಕೆ ಮತ್ತೆ ಬೇಕಾಗುತ್ತದೆ.

ಮಧುಮಾಲತಿಯ ನೆಂಟರು ಮರಗಳು. ರಸ್ತೆ ಬದಿಯ ಕಾಡು ಬಾದಾಮಿ, ಅಳಲೆ, ತಾರೆ, ಮತ್ತಿ, ಇವೆಲ್ಲ ಇರುವ ಕುಟುಂಬಕ್ಕೇ ಇದೂ ಸೇರುತ್ತದೆ. ಬುಡ ಯಾಕೆ ಅಷ್ಟು ದಪ್ಪ ಕಟ್ಟಿಗೆಯಾಗುತ್ತದೆ ಅಂತ ಇನ್ನು ಆಶ್ಚರ್ಯಪಡಬೇಕಾಗಿಲ್ಲ, ಅಲ್ವಾ?

ಈಗ ನನಗೆ ತುಂಬಾ ಇಷ್ಟದ ವಿಷಯಕ್ಕೆ ಬರುತ್ತೇನೆ. ಬಳ್ಳಿ ಆಧಾರವನ್ನು ಹೇಗೆ ಹಿಡಿಯುತ್ತದೆ?

ಸೌತೆಬಳ್ಳಿಯ ಪ್ರತಿ ಗಿಣ್ಣಿನಲ್ಲಿ ಎಲೆಯ ಪಕ್ಕ ದಾರದಂಥ ಒಂದು ಎಳೆ ಹೊರಡುತ್ತದೆ. ಮೊದಮೊದಲು ನೆಟ್ಟಗೆ ಇದ್ದು ಗಾಳಿಯಲ್ಲಿ ಸುತ್ತ ತಡಕಾಡುತ್ತದೆ. ಕೂಳೆಯೋ, ಹುಲ್ಲುಕಡ್ಡಿಯೋ, ಒಣ ಮಡಲಿನ ಗರಿಯೋ ತಾಗಿತು ಅಂದರೆ ಅದರ ತುದಿ ಸುತ್ತಿಕೊಳ್ಳಲು ಶುರು. ಬೆಳಿಗ್ಗೆ ನೋಡಿ ಸಂಜೆ ಮತ್ತೆ ನೋಡಿದರೆ ಗಟ್ಟಿ ಹಿಡಿದುಕೊಂಡಿರುತ್ತದೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಹಿಡಿದ ತುದಿಗೂ ಬಳ್ಳಿಗೂ ನಡುವಿನ ಭಾಗ ಈಗ ಸುರುಳಿಯಾಗುತ್ತದೆ, ಹಳೆಯ ಲ್ಯಾಂಡ್‌ಲೈನ್ ಫೋನಿನ ವಯರಿನ ಹಾಗೆ. ಸುರುಳಿಯಾದಂತೆ ಎಳೆ ಗಿಡ್ಡವಾಗಿ ಬಳ್ಳಿಯನ್ನು ಆಧಾರದ ಹತ್ತಿರ ಎಳೆದುಕೊಳ್ಳುತ್ತದೆ.

ಬಲಿತ ಎಳೆಯೊಂದನ್ನು ಸರಿಯಾಗಿ ಗಮನಿಸಿ. ಅರ್ಧ ದೂರ ಒಂದು ದಿಕ್ಕಿಗೆ ಸುತ್ತಿರುತ್ತದೆ. ನಡುವೆ ಸಣ್ಣ ನೆಟ್ಟಗಿನ ಜಾಗ. ಅಲ್ಲಿಂದಾಚೆ ಎದುರು ದಿಕ್ಕಿಗೆ ಸುತ್ತು. ಎರಡು ತುದಿಯೂ ಕಟ್ಟಿಹೋದ ಎಳೆ ಒಂದೇ ಕಡೆಗೆ ತಿರುಗುತ್ತಾ ಹೋದರೆ ಹುರಿಗೊಂಡು ತುಂಡಾಗಬೇಕು. ಒಂದು ಕಡೆ ಎಷ್ಟು ತಿರುಗಿತೋ ಅಷ್ಟೇ ಇನ್ನೊಂದು ಕಡೆಗೂ ತಿರುಗಿ ಲೆಕ್ಕ ಸರಿ ಮಾಡುತ್ತದೆ. ಚಾರ್ಲ್ಸ್ ಡಾರ್ವಿನ್ ಹತ್ತುವ ಬಳ್ಳಿಗಳ ಬಗ್ಗೆ 1865ರಲ್ಲಿ ಬರೆದಾಗ ಇದನ್ನು ವಿವರವಾಗಿ ಹೇಳಿದ್ದರು. ಅವರು ಬಿರುಗಾಳಿ ಬೀಸುವಾಗ ಬೇಕೆಂದೇ ಹೊರಗೆ ಹೋಗಿ ಬೇಲಿಯ ಮೇಲಿದ್ದ ಬ್ರಯೋನಿ ಎಂಬ ಬಳ್ಳಿಯನ್ನು ನೋಡುತ್ತಾ ನಿಂತಿದ್ದರಂತೆ. ಅದೂ ಸೌತೆಯ ಕುಟುಂಬದ್ದೇ. ಗಾಳಿ ಎಳೆದಾಗ ಸುರುಳಿ ಬಿಚ್ಚಿ ಜಗ್ಗುತ್ತದೆ, ಗಾಳಿ ಬಿಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ. ಬಳ್ಳಿ ಹರಿಯುವುದಿಲ್ಲ. ಕಡಲ ಗಾಳಿಗೆ ಒಡ್ಡಿಕೊಂಡಿರುವ ನಮಗೆ ಇದರ ಬೆಲೆ ಗೊತ್ತು.

ಸುರುಳಿ ಆಗುವುದು ಹೇಗೆ ಅಂತ ಪೂರ್ತಿ ಬಿಡಿಸಿ ತೋರಿಸಿದ್ದು 2012ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಅವರು ಪರೀಕ್ಷಿಸಿದ್ದು ಮುಳ್ಳು ಸೌತೆಯನ್ನು. ಎಳೆಯೊಳಗೆ ಎರಡು ಪದರದ ನಾರಿನ ಪಟ್ಟಿ ಇದೆ. ಒಳಬದಿಯ ಪದರ ನೀರು ಕಳೆದುಕೊಂಡು ಹೊರಗಿನದಕ್ಕಿಂತ ಜಾಸ್ತಿ ಕುಗ್ಗುತ್ತದೆ. ಒಂದು ಬದಿ ಕುಗ್ಗಿದರೆ ಪಟ್ಟಿ ಬಾಗಲೇಬೇಕು. ಇನ್ನೊಂದು ಸಂಗತಿಯೂ ಅವರಿಗೆ ಕಂಡಿತು. ಬಲಿತ ಎಳೆಯ ಎರಡು ತುದಿ ಹಿಡಿದು ಎಳೆದರೆ ಸುರುಳಿ ಕೂಡಲೇ ಬಿಚ್ಚುವುದಿಲ್ಲ. ಮೊದಲು ಇನ್ನೂ ಒಂದೆರಡು ಸುತ್ತು ಜಾಸ್ತಿ ಹಾಕಿಕೊಳ್ಳುತ್ತದೆ. ಹಿತ್ತಿಲಲ್ಲಿ ದಿನಾ ಕಾಣುವ ಒಂದು ಎಳೆಯಲ್ಲಿ ಇಷ್ಟೆಲ್ಲ ಇದೆ. ಮಕ್ಕಳಿಗೆ ಇದನ್ನು ತೋರಿಸಬೇಕು. ಭೂತಗನ್ನಡಿ ಸಹ ಬೇಡ.

ಮಧುಮಾಲತಿಯಲ್ಲಿ ಈ ಎಳೆ ಇಲ್ಲ. ಅದು ಮಾಡುವುದು ಎರಡು ಕೆಲಸ. ಬಳ್ಳಿಯ ಚಿಗುರು ಕುಡಿಯೇ ಆಧಾರಕ್ಕೆ ಸುತ್ತಿಕೊಳ್ಳುತ್ತದೆ. ಮತ್ತೆ, ಎಲೆ ಉದುರಿದರೂ ಎಲೆಯ ತೊಟ್ಟಿನ ಬುಡ ಉದುರುವುದಿಲ್ಲ. ಅದು ಒಣಗಿ ಗಟ್ಟಿಯಾಗಿ ಕೊಕ್ಕೆಯಂಥ ಮುಳ್ಳಾಗಿ ಅಲ್ಲೇ ಉಳಿಯುತ್ತದೆ. ಹಳೆಯ ಬಳ್ಳಿಯ ಮೇಲೆ ಕೈ ಆಡಿಸಿದವರಿಗೆ ಅದು ಗೊತ್ತಾಗಿರುತ್ತದೆ. ಆ ಕೊಕ್ಕೆಗಳನ್ನು ಊರಿಕೊಂಡೇ ಅದು ಮೇಲೆ ಹೋಗುವುದು. ಮುಗಿದ ಎಲೆಯ ತೊಟ್ಟನ್ನೂ ಬಿಡದೆ ಕೆಲಸಕ್ಕೆ ಹಚ್ಚುವುದು ಬಹಳ ವರ್ಷ ಬದುಕುವ ಗಿಡಕ್ಕೆ ಮಾತ್ರ ಸಾಧ್ಯ.

ಹಾಗಾಗಿ ಆಧಾರ ಕೊಡುವಾಗ ಎರಡಕ್ಕೂ ಒಂದೇ ಚಪ್ಪರ ಸಾಕು ಅಂದುಕೊಳ್ಳಬೇಡಿ. ಸೌತೆಯ ಎಳೆಗೆ ದಪ್ಪ ಕಂಬ ಕೊಟ್ಟರೆ ಹಿಡಿಯಲು ಆಗುವುದಿಲ್ಲ. ಸಪೂರ ಅಡರು, ನೈಲಾನ್ ಬಲೆ, ತೆಂಗಿನ ಗರಿ ಬೇಕು. ನಿಜ ಹೇಳಬೇಕೆಂದರೆ ಅದು ನೆಲದಲ್ಲೇ ಹರಡುವ ಬಳ್ಳಿ. ಭತ್ತ ಕೊಯ್ದ ಗದ್ದೆಯ ಕೂಳೆಯ ನಡುವೆ ಹರಿದಾಡಿ ಬೆಳೆದದ್ದು. ನೆಲದಲ್ಲಿ ಬಿಟ್ಟರೆ ಕಾಯಿಯ ಅಡಿಗೆ ಒಣ ಮಡಲು ಅಥವಾ ಬೈಹುಲ್ಲು ಹಾಸಿ, ಮಣ್ಣು ತಾಗಿ ಕೊಳೆಯುವುದಿಲ್ಲ. ಟೆರೇಸಿನಲ್ಲಿ ಬಲೆಗೆ ಹತ್ತಿಸಿದರೆ ಪ್ರತಿ ಕಾಯಿಗೂ ಹಳೇ ಬಟ್ಟೆಯ ಜೋಳಿಗೆ ಕಟ್ಟಬೇಕು. ಮಧುಮಾಲತಿಗೆ ಕಬ್ಬಿಣದ ಕಮಾನೇ ಸರಿ. ಹಂಚಿನ ಮಾಡಿಗೆ ಅದನ್ನು ಹತ್ತಿಸಲೇಬಾರದು. ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ನಾಲ್ಕು ತಿಂಗಳ ಮಳೆಯಲ್ಲಿ ಅದರ ಕುಡಿಗಳು ಹಂಚಿನ ಸಂದಿಗೆ ನುಗ್ಗಿ, ದಪ್ಪಗಾಗಿ, ಹಂಚನ್ನೇ ಎತ್ತಿಬಿಡುತ್ತವೆ.

ಗೊಬ್ಬರದ ವಿಷಯ ಬೇಗ ಮುಗಿಸುತ್ತೇನೆ. ಸೌತೆಗೆ ಹಟ್ಟಿಗೊಬ್ಬರ, ಸುಡುಮಣ್ಣು, ಸ್ವಲ್ಪ ಬೂದಿ. ನಮ್ಮ ಮುರಮಣ್ಣು ಹುಳಿ ಜಾತಿಯದ್ದು, ಬೂದಿ ಅದನ್ನು ಸ್ವಲ್ಪ ತಗ್ಗಿಸುತ್ತದೆ. ಯೂರಿಯಾ ಸುರಿದರೆ ಎಲೆ ಅಗಲವಾಗಿ ಬಂದು ಬಳ್ಳಿ ನೋಡಲು ಖುಷಿಯಾಗುತ್ತದೆ, ಕಾಯಿ ಮಾತ್ರ ಇರುವುದಿಲ್ಲ. ಐದಾರು ಎಲೆ ಬಂದಾಗ ನಡುಕುಡಿ ಚಿವುಟಿ. ಕಾಯಿ ಕಟ್ಟುವ ಹೂ ಜಾಸ್ತಿ ಬರುವುದು ಪಕ್ಕದ ಕವಲುಗಳಲ್ಲಿ. ಮಧುಮಾಲತಿ ಒಮ್ಮೆ ಬೇರು ಬಿಟ್ಟ ಮೇಲೆ ಏನೂ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಕತ್ತರಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಒಂದು ಸುತ್ತು ಹೂ ಮುಗಿದ ಮೇಲೆ ಧೈರ್ಯವಾಗಿ ಕತ್ತರಿಸಿ. ಬೇರಿನಿಂದ ಆಚೀಚೆ ಏಳುವ ಸಸಿಗಳನ್ನು ಆಗಾಗ ಕಿತ್ತು ಹಾಕುತ್ತಿರಬೇಕು. ಇಲ್ಲದಿದ್ದರೆ ಅಂಗಳ ಅದರದ್ದೇ ಆಗುತ್ತದೆ.

ಇನ್ನು ಹೂವು.

ಮಧುಮಾಲತಿ ಹೂ ಅರಳುವುದು ಮುಸ್ಸಂಜೆಗೆ. ಆಗ ಬಿಳಿ. ಹೂವಿನ ಮುಖ ಅಡ್ಡಕ್ಕೆ ಇರುತ್ತದೆ. ಮರುದಿನ ಗುಲಾಬಿಯಾಗಿ ಬಗ್ಗುತ್ತದೆ. ಮೂರನೇ ದಿನಕ್ಕೆ ಕೆಂಪಾಗಿ ಜೋತುಬೀಳುತ್ತದೆ. ಒಂದು ಗೊಂಚಲಿನಲ್ಲಿ ಮೂರು ಬಣ್ಣ ಕಾಣುವುದು ಹೂಗಳ ವಯಸ್ಸು ಬೇರೆ ಬೇರೆ ಇರುವುದರಿಂದ. ಕತ್ತಲೆಯಲ್ಲಿ ಬಿಳಿ ಬಣ್ಣ ಎದ್ದು ಕಾಣುತ್ತದೆ, ಪರಿಮಳವೂ ರಾತ್ರಿಯೇ ಜಾಸ್ತಿ. ಅದು ಕರೆಯುವುದು ಹಾಕ್ ಮಾತ್ ಎಂಬ ದೊಡ್ಡ ಪತಂಗಗಳನ್ನು. ಹೂವಿನ ಕೆಳಗೆ ಬೆರಳುದ್ದದ ಸಪೂರ ಕೊಳವೆ ಇದೆ, ಮಕರಂದ ಇರುವುದು ಅದರ ಬುಡದಲ್ಲಿ. ಆ ಪತಂಗದ ಸೊಂಡಿಲು ಅಲ್ಲಿಯವರೆಗೂ ಹೋಗುತ್ತದೆ. ಬಣ್ಣ ಕೆಂಪಾದ ಮೇಲೆ ಹಗಲಿನವರ ಸರದಿ, ಜೇನ್ನೊಣ, ಸೂರಕ್ಕಿ. ಸಂಜೆ ಏಳು ಗಂಟೆಯ ಹೊತ್ತಿಗೆ ಗೇಟಿನ ದೀಪ ಆರಿಸಿ ಬಳ್ಳಿಯ ಹತ್ತಿರ ಸುಮ್ನೆ ನಿಂತು ನೋಡಿ. ಪತಂಗ ಹೂವಿನ ಮೇಲೆ ಕೂರುವುದಿಲ್ಲ. ಗಾಳಿಯಲ್ಲೇ ನಿಂತು ಹೀರಿ ಮುಂದಿನ ಹೂವಿಗೆ ಹೋಗುತ್ತದೆ.

ಸೌತೆಯ ಹಳದಿ ಹೂ ಬೆಳಿಗ್ಗೆ ಬೇಗ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಮೊದಮೊದಲು ಬರುವುದು ಗಂಡು ಹೂಗಳು, ಅವು ಉದುರುತ್ತವೆ. ಅದನ್ನು ನೋಡಿ ಬಳ್ಳಿಗೆ ರೋಗ ಬಂತು ಅಂತ ಔಷಧಿ ಹುಡುಕಿಕೊಂಡು ಹೋಗುವವರಿದ್ದಾರೆ. ಏನೂ ಆಗಿಲ್ಲ, ಕಾಯಿರಿ. ಆಮೇಲೆ ಬರುವ ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣುತ್ತದೆ. ಸೌತೆಯ ಪರಾಗ ಅಂಟುಅಂಟು, ಗಾಳಿಗೆ ಹಾರುವುದಿಲ್ಲ. ಅದನ್ನು ಹೊತ್ತೊಯ್ಯಲು ತುಡುವೆ ಜೇನೋ, ಮುಜಂಟಿ ಜೇನೋ ಬರಲೇಬೇಕು. ಅದೂ ಒಂದು ಸಲ ಬಂದು ಹೋದರೆ ಸಾಲದು. ಪರಾಗ ಕಡಿಮೆ ಬಿದ್ದ ಕಾಯಿ ಒಂದು ಬದಿ ಉಬ್ಬಿ, ಇನ್ನೊಂದು ಬದಿ ಸೊಟ್ಟಗಾಗುತ್ತದೆ.

ಸೌತೆಯ ಪಕ್ಕ ಒಂದು ಹೂಬಳ್ಳಿ ಹಾಕಿ, ಜೇನು ಬರುತ್ತದೆ, ಕಾಯಿ ಜಾಸ್ತಿ ಆಗುತ್ತದೆ ಎಂಬ ಸಲಹೆಯನ್ನು ಎಲ್ಲರೂ ಕೇಳಿದ್ದೀರಿ. ಯಾವ ಹೂ ಅಂತ ಕೇಳಲೇಬೇಕು. ತುಡುವೆ ಜೇನಿನ ನಾಲಗೆ ಕೆಲವೇ ಮಿಲಿಮೀಟರ್ ಉದ್ದ. ಮಧುಮಾಲತಿಯ ಕೊಳವೆಯ ಬುಡ ಅದಕ್ಕೆ ಎಟಕುವುದೇ ಇಲ್ಲ. ಹೆಚ್ಚೆಂದರೆ ಕೊಳವೆಯ ಬಾಯಿಯಲ್ಲಿರುವ ಪರಾಗ ಸಿಗುತ್ತದೆ. ಅದರ ಮುಖ್ಯ ಅತಿಥಿ ರಾತ್ರಿಯವನು, ಸೌತೆಯ ಹೂ ಆಗ ಅರಳಿರುವುದೂ ಇಲ್ಲ. ಜೇನಿಗಾಗಿ ಮಧುಮಾಲತಿ ಹಾಕಿದರೆ ಅಷ್ಟೇನೂ ಪ್ರಯೋಜನ ಆಗದು. ನಿಮ್ಮ ಅಂಗಳದ ತುಳಸಿ ಈ ಕೆಲಸ ಚೆನ್ನಾಗಿ ಮಾಡುತ್ತದೆ. ನಾಲ್ಕು ತುಳಸಿ ಹೂ ಬಿಡಲು ಬಿಡಿ. ಮಧುಮಾಲತಿಯನ್ನು ಅದರ ಚೆಂದಕ್ಕೆ, ಪರಿಮಳಕ್ಕೆ, ಆ ಪತಂಗಗಳಿಗೋಸ್ಕರ ಹಾಕಿ. ಅಷ್ಟು ಕಾರಣ ಸಾಕಲ್ಲ?

ಸೌತೆಗೆ ಇನ್ನೊಬ್ಬ ಅತಿಥಿ ಇದ್ದಾನೆ, ಬೇಡದವನು. ಹಣ್ಣುನೊಣ. ಹೆಣ್ಣು ನೊಣ ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೇ ತಿಂದು ಬೆಳೆದು, ಮಣ್ಣಿಗೆ ಬಿದ್ದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಹಾಗಾಗಿ ಕೊಳೆತ ಕಾಯಿಯನ್ನು ಬಳ್ಳಿಯ ಬುಡದಲ್ಲೇ ಎಸೆದರೆ ನಾವೇ ಅದನ್ನು ಸಾಕಿದಂತೆ. ಆರಿಸಿ ತೆಗೆದು ಆಳವಾಗಿ ಹೂಳಿ. ಕಾಯಿ ಕಚ್ಚಿದ ಕೂಡಲೇ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿ. ಕ್ಯೂಲೂರ್ ಎಂಬ, ನೊಣ ಸೆಳೆಯುವ ವಸ್ತು ಹಾಕಿದ ಮೋಹಕ ಬಲೆಯೂ ಸಿಗುತ್ತದೆ, ಗಂಡು ನೊಣಗಳು ಅದರಲ್ಲಿ ಬೀಳುತ್ತವೆ. ಒಂದೇ ಮನೆಯವರು ಬಲೆ ಕಟ್ಟಿದರೆ ಸಾಲದು, ಅಕ್ಕಪಕ್ಕದವರೂ ಸೇರಬೇಕು.

ಕಾಯಿ ಕೊಯ್ದ ಮೇಲೆ ಏನು ಮಾಡುತ್ತಿದ್ದರು ಎನ್ನುವುದು ಇಲ್ಲಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ತೊಟ್ಟು ಉಳಿಸಿಕೊಂಡು ಕೊಯ್ದು, ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ, ಮಾಡಿನ ಅಡ್ಡಕ್ಕೆ ಸಾಲಾಗಿ ನೇತುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ನೆಲ ತಾಗಬಾರದು, ಗಾಳಿ ಆಡಬೇಕು. ಬಲಿತ ಸೌತೆಯ ಸಿಪ್ಪೆ ಗಟ್ಟಿ, ನೀರು ಬೇಗ ಆರುವುದಿಲ್ಲ. ಸಿಹಿ ಕರಬೂಜದ ಹಾಗೆ ಕೊಯ್ದ ಮೇಲೆ ಒಮ್ಮೆಲೇ ಹಣ್ಣಾಗಿ ಮೆತ್ತಗಾಗುವ ಗುಣವೂ ಇಲ್ಲ. ಬೇಸಿಗೆಯಲ್ಲಿ ಕಟ್ಟಿದ್ದು ಆಟಿ ತಿಂಗಳಿಗೆ ಒದಗುತ್ತಿತ್ತು. ಹೊರಗೆ ಜಡಿಮಳೆ, ತರಕಾರಿ ತರಲು ದಾರಿ ಇಲ್ಲ. ಒಳಗೆ ಸೌತೆ ಮತ್ತು ಹಲಸಿನ ಬೀಜದ ಹುಳಿ. ತಿರುಳು ಎಸೆಯದೆ ತಂಬುಳಿ. ಇಲ್ಲಿನ ಕೃಷ್ಣಮಠದ ಪರ್ಯಾಯ ನೋಡಿ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ. ಅದಕ್ಕೆ ಮೊದಲು ಊರೂರಿಂದ ಹೊರೆಕಾಣಿಕೆ ಬರುತ್ತದೆ. ಆ ತರಕಾರಿ ರಾಶಿಯಲ್ಲಿ ಸೌತೆ, ಕುಂಬಳಗಳಿಗೆ ದೊಡ್ಡ ಜಾಗ. ಮೊದಲೇ ತಂದು ಉಗ್ರಾಣದಲ್ಲಿಟ್ಟರೂ ಕೆಡದ ತರಕಾರಿ ಸಾವಿರಾರು ಜನರ ಅಡುಗೆಗೆ ಎಷ್ಟು ಅನುಕೂಲ ಅಂತ ಯೋಚಿಸಿ.

ನನಗೆ ಬೇಸರ ಆಗುವುದು ಬೀಜದ ವಿಷಯದಲ್ಲಿ. ಪಟ್ಟೆ ಇರುವುದು, ಚುಕ್ಕಿ ಇರುವುದು, ಉದ್ದ, ಗುಂಡು, ಹೀಗೆ ಒಂದೊಂದು ಮನೆಯ ಸೌತೆ ಒಂದೊಂದು ಥರ ಇತ್ತು. ಬೇಸಿಗೆ ಬೆಳೆಯ ಕೊಳಕೆ ಗದ್ದೆ ಬೇಸಾಯ ನಿಂತು ಹಡಿಲು ಬಿದ್ದ ಮೇಲೆ ಆ ಬೀಜಗಳೂ ಹೋಗುತ್ತಿವೆ. ಮಧುಮಾಲತಿಗೆ ಈ ಭಯ ಇಲ್ಲ. ಒಂದು ತುಂಡು ದಂಟು ನೆಟ್ಟರೂ ಬರುತ್ತದೆ, ನರ್ಸರಿಯಲ್ಲಿ ಯಾವಾಗ ಹೋದರೂ ಸಿಗುತ್ತದೆ. ಸೌತೆ ಹಾಗಲ್ಲ. ವರ್ಷವೂ ಬಿತ್ತಿ, ವರ್ಷವೂ ಬೀಜ ತೆಗೆದಿಟ್ಟರೆ ಮಾತ್ರ ಆ ತಳಿ ಇರುತ್ತದೆ. ಮೂರು ತಿಂಗಳು ಬದುಕುವ ಗಿಡದ ಉಳಿದ ಒಂಬತ್ತು ತಿಂಗಳ ಜವಾಬ್ದಾರಿ ನಮ್ಮದು. ಹಾಗಾಗಿ ಒಂದೇ ಬಳ್ಳಿಗೆ ಜಾಗ ಇದ್ದರೆ ಸೌತೆ ಹಾಕಿ ಅಂತಲೇ ನಾನು ಹೇಳುತ್ತೇನೆ.

ಬೀಜ ಇಡುವವರು ಒಂದು ಜಾಗ್ರತೆ ಮಾಡಬೇಕು. ಮೊದಲು ಹೇಳಿದ ನೆಂಟಸ್ತಿಕೆ ನೆನಪಿಟ್ಟುಕೊಳ್ಳಿ. ಪಕ್ಕದಲ್ಲೇ ಇಬ್ಬುಡ್ಲು ಅಥವಾ ಕರಬೂಜ ಇದ್ದರೆ ಜೇನು ಅದರ ಪರಾಗವನ್ನು ಸೌತೆಗೆ ತರುತ್ತದೆ. ಈ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಅದರ ಬೀಜ ಬಿತ್ತಿದಾಗ ಮುಂದಿನ ವರ್ಷ ಬೆರಕೆ ಕಾಯಿ ಬರುತ್ತದೆ. ಮುಳ್ಳು ಸೌತೆ ಪಕ್ಕದಲ್ಲಿದ್ದರೆ ತೊಂದರೆ ಇಲ್ಲ, ಅವೆರಡೂ ಬೆರೆಯುವುದಿಲ್ಲ.

ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

ಮಂಗಳೂರಿನ ಫ್ಲ್ಯಾಟಿನಲ್ಲಿರುವ ಒಬ್ಬರು ಅಕ್ಕ ಕೇಳಿದರು, "ಐದನೇ ಮಾಳಿಗೆಗೆ ಜೇನು ಬರುವುದೇ ಇಲ್ಲ, ಏನು ಮಾಡುವುದು?" ಕೈಯಲ್ಲೇ ಮಾಡಬಹುದು ಅಕ್ಕ. ಬೆಳಿಗ್ಗೆ ಒಂಬತ್ತರ ಒಳಗೆ ಅಂದು ಅರಳಿದ ಗಂಡು ಹೂ ಕಿತ್ತು, ದಳ ತೆಗೆದು, ಒಳಗಿನ ಹಳದಿ ಹುಡಿಯನ್ನು ಕಾಯಿ ಇರುವ ಹೂವಿನ ನಡುವೆ ಮೆಲ್ಲಗೆ ಸವರಿ. ಒಂದು ಹೂವಿಗೆ ಎರಡು ಮೂರು ಗಂಡು ಹೂ ಬಳಸಿದರೆ ಕಾಯಿ ಸೊಟ್ಟಗಾಗುವುದಿಲ್ಲ.

ಮಧುಮಾಲತಿಯ ಬೀಜ ಹೊಟ್ಟೆಹುಳಕ್ಕೆ ಮದ್ದಂತೆ, ಹೌದಾ ಅಂತ ಇನ್ನೊಬ್ಬರು ಕೇಳಿದರು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಳಕೆ ಇದೆ, ನಿಜ. ಆ ಬೀಜದಲ್ಲಿ ಕ್ವಿಸ್ಕ್ವಾಲಿಕ್ ಆಸಿಡ್ ಎಂಬ ಅಂಶ ಇದೆ, ಅದು ನರಗಳ ಮೇಲೆ ಕೆಲಸ ಮಾಡುವಂಥದ್ದು. ಪ್ರಮಾಣ ಮೀರಿದರೆ ವಾಂತಿ, ಬಿಕ್ಕಳಿಕೆ ಬರುತ್ತದೆ. ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ತಿನ್ನುವ ಬಳ್ಳಿಯಲ್ಲೂ ಒಂದು ಎಚ್ಚರ ಬೇಕು. ಸೌತೆ ಕೊರೆದ ಕೂಡಲೇ ಒಂದು ಚೂರು ನಾಲಗೆಗೆ ಹಾಕಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಅದನ್ನು ಬಿಡಬೇಡಿ. ಕಹಿ ಇದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಅಂಶ. ಬೇಯಿಸಿದರೂ ಹೋಗುವುದಿಲ್ಲ. ತುದಿ ಕತ್ತರಿಸಿ ತಿಕ್ಕಿ ನೊರೆ ಬರಿಸಿದರೂ ಒಳಗಿನ ಕಹಿ ಕಡಿಮೆಯಾಗುವುದಿಲ್ಲ. ಒಂದು ಕಾಯಿ ಹೋದರೆ ಹೋಗಲಿ ಅಂತ ಬಿಸಾಡಿಬಿಡಿ. ಅದರ ಬೀಜವನ್ನೂ ಇಡಬೇಡಿ.

ಬೀಜ ಇಡುವುದು ಹೇಗೆ ಅಂತ ಕೇಳಿದವರು ತುಂಬಾ ಜನ. ಬಳ್ಳಿಯಲ್ಲೇ ಚೆನ್ನಾಗಿ ಬಲಿತು ಬಣ್ಣ ತಿರುಗಿದ, ಹುಳ ಇಲ್ಲದ ಕಾಯಿ ಆರಿಸಿ. ಒಂದೇ ಬಳ್ಳಿಯದ್ದು ಬೇಡ, ಬೇರೆ ಬೇರೆ ಬಳ್ಳಿಯದ್ದು ಇರಲಿ. ಕೆಲವು ವಾರ ನೇತುಹಾಕಿ, ಆಮೇಲೆ ಕೊರೆದು ಬೀಜ ತೆಗೆಯಿರಿ. ತಿರುಳಿನ ಸಮೇತ ಒಂದು ದಿನ ನೀರಿನಲ್ಲಿ ಬಿಡಿ. ತೇಲುವ ಜೊಳ್ಳನ್ನು ತೆಗೆದು, ಮುಳುಗಿದ್ದನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿ. ಡಬ್ಬಿಗೆ ಹಾಕಿ ಯಾವ ಊರಿನದ್ದು, ಯಾರ ಮನೆಯದ್ದು, ಯಾವ ವರ್ಷದ್ದು ಅಂತ ಚೀಟಿ ಅಂಟಿಸಿ. ಒಂದು ಹಿಡಿಯನ್ನು ನೆರೆಮನೆಗೂ ಕೊಟ್ಟಿಡಿ. ನಿಮ್ಮ ಬಳ್ಳಿ ಒಂದು ವರ್ಷ ಕೈಕೊಟ್ಟರೂ ಬೀಜ ಅವರ ಮನೆಯಲ್ಲಿ ಇರುತ್ತದೆ.